ಕಾದಂಬರಿ ನಿಜಕ್ಕೂ ಮುಗಿಯಿತೇ? ಹಸ್ತಪ್ರತಿಯನ್ನು ಹಂತಹಂತವಾಗಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಓದಿ ಅಭಿಪ್ರಾಯ ಹೇಳಿ ಎಂದು ನನ್ನ ಬಳಿಗೆ ಬರುವ ಹಸ್ತಪ್ರತಿಗಳಲ್ಲಿ ಎರಡು ತರದವು ಹೆಚ್ಚು. ಒಂದರಲ್ಲಿ ಮೊದಲ ಐವತ್ತು ಪುಟ ತಿದ್ದಿ ತೀಡಿ ಇಟ್ಟಿರುತ್ತಾರೆ, ಅಲ್ಲಿಂದ ಮುಂದೆ ಓಡೋಡಿ ಬರೆದ ಕರಡು. ಇನ್ನೊಂದು ವರ್ಷಗಟ್ಟಲೆ ತಿದ್ದಿದ್ದು. ವಾಕ್ಯಗಳೆಲ್ಲ ನುಣ್ಣಗಾಗಿರುತ್ತವೆ, ಕಥೆಯ ನಡುವಿನ ತೂತು ಮಾತ್ರ ಮೊದಲ ಕರಡಿನಲ್ಲಿ ಇದ್ದಲ್ಲೇ ಇರುತ್ತದೆ. ಇಬ್ಬರೂ ಕೇಳುವುದು ಒಂದೇ: "ಇದು ಮುಗಿದಿದೆ ಅನ್ನಬಹುದಾ?"

ಇಬ್ಬರೂ ಎಡವಿದ್ದು ತಿದ್ದುವ ಕ್ರಮದಲ್ಲಿ. ಕಥೆ ಗಟ್ಟಿಯಾಗುವ ಮೊದಲೇ ಕಾಗುಣಿತಕ್ಕೆ ಕೈ ಹಾಕಿದರೆ ಕೆಲಸ ಎಂದಿಗೂ ಮುಗಿಯುವುದಿಲ್ಲ. ಮುಗಿಯಿತೋ ಇಲ್ಲವೋ ಎಂದು ಮನಸ್ಸನ್ನು ಕೇಳಿದರೆ ಅದು ಒಂದು ದಿನ ಹೌದು ಅನ್ನುತ್ತದೆ, ಮರುದಿನ ಇಲ್ಲ ಅನ್ನುತ್ತದೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ನಿಮ್ಮ ಮನಸ್ಸಿನ ಅಭಿಪ್ರಾಯಕ್ಕೆ ಕಡಿಮೆ ಜಾಗ, ನೀವು ಮಾಡುತ್ತಿರುವ ತಿದ್ದುಪಡಿ ಯಾವ ತರದ್ದು ಎಂಬ ಲೆಕ್ಕಕ್ಕೆ ಹೆಚ್ಚು ಜಾಗ. ಕ್ರಮ ತಪ್ಪಿಸಬೇಡಿ. 7ನೇ ಹಂತದ ಕೆಲಸ ಎಲ್ಲಕ್ಕಿಂತ ಸುಲಭ, ಅದಕ್ಕೇ ಎಲ್ಲರೂ ಅದರಿಂದ ಶುರು ಮಾಡುತ್ತಾರೆ.

ಉದಾಹರಣೆಗೆ ಬೇಕಾದಲ್ಲೆಲ್ಲ ಒಂದು ಕಲ್ಪಿತ ಕಾದಂಬರಿ ಇಟ್ಟುಕೊಳ್ಳೋಣ: ಮಲೆನಾಡಿನ ಸಾಗರದ ಕಡೆಯ ಒಂದು ಗೇಣಿದಾರ ಕುಟುಂಬ, ಮನೆಯ ಹಿರಿಯಳು ಸೀತಮ್ಮ, ಕಾಲ 1970ರ ದಶಕ.

## ಮೊದಲು ಬೇಕಾದ ಸಾಮಗ್ರಿ

ಇಡೀ ಕಾದಂಬರಿಯ ಒಂದು ಮುದ್ರಿತ ಪ್ರತಿ. ಎ4 ಹಾಳೆಯ ಒಂದೇ ಮಗ್ಗುಲಿಗೆ, ಸಾಲುಗಳ ನಡುವೆ ಬರೆಯಲು ಜಾಗ ಬಿಟ್ಟು, ಪುಟಸಂಖ್ಯೆ ಹಾಕಿ ತೆಗೆಸಿ. ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಹಾಳೆ ಚೆಲ್ಲಾಪಿಲ್ಲಿಯಾಗುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಕಣ್ಣು ಜಾರಿಬಿಡುವ ಎಷ್ಟೋ ತಪ್ಪುಗಳು ಕಾಗದದ ಮೇಲೆ ಎದ್ದು ಕಾಣುತ್ತವೆ. ಈ ಖರ್ಚು ಉಳಿಸಲು ಹೋಗಬೇಡಿ.

ಜೊತೆಗೆ ಒಂದು ಪೆನ್ಸಿಲ್, ಒಂದು ಕೆಂಪು ಪೆನ್ನು, ಗೆರೆ ಹಾಕಿದ ದೊಡ್ಡ ನೋಟ್‌ಬುಕ್. ನಿಮ್ಮ ಕಥೆಯ ಕಾಲದ ಪಂಚಾಂಗ ಅಥವಾ ಹಳೆಯ ಕ್ಯಾಲೆಂಡರ್ ಸಿಕ್ಕರೆ ಒಳ್ಳೆಯದು. ಅಂತರ್ಜಾಲದಲ್ಲಿ ಹಳೆಯ ವರ್ಷಗಳ ತಿಥಿ ನೋಡುವ ಸೌಲಭ್ಯವಿದೆ, ಅದೂ ಸಾಕು.

ಹಸ್ತಪ್ರತಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿದ್ದರೆ ಈಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಮುಂದೆ ಪದ ಹುಡುಕುವ ಕೆಲಸ ಬಹಳ ಇದೆ. ಬದಲಾಯಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ನೋಡಿ, ಪರಿವರ್ತನೆಯಲ್ಲಿ ಮುರಿಯುವುದು ಹೆಚ್ಚಾಗಿ ಅವೇ. ಕಂಪ್ಯೂಟರಿನಲ್ಲಿ ಪ್ರತಿ ಸುತ್ತಿಗೂ ಬೇರೆ ಕಡತವಿರಲಿ. ಹೆಸರಿನಲ್ಲಿ ತಾರೀಖು ಹಾಕಿ. "ಫೈನಲ್" ಎಂಬ ಪದ ಬೇಡ. "ಫೈನಲ್ ಹೊಸದು 3" ಎಂಬ ಕಡತ ಇಟ್ಟುಕೊಂಡವರಿಗೆ ಯಾವುದು ಕೊನೆಯದು ಎಂದು ಅವರಿಗೇ ಗೊತ್ತಿರುವುದಿಲ್ಲ.

## ಹಂತ 1: ಕರಡು ಪೂರ್ತಿ ಇದೆಯೇ ನೋಡಿ

ಕೊನೆಯ ಪುಟ ಬರೆದಾಗಿದೆ ಅಂದ ಮಾತ್ರಕ್ಕೆ ಕರಡು ಪೂರ್ತಿಯಾಯಿತು ಎಂದಲ್ಲ. "ಇಲ್ಲಿ ಜಾತ್ರೆ ವರ್ಣನೆ ಹಾಕು", "ಕೋರ್ಟಿನ ವಿವರ ಕೇಳಿ ಬರೆ" ಎಂದು ನಿಮಗೆ ನೀವೇ ಬರೆದುಕೊಂಡ ಟಿಪ್ಪಣಿಗಳು ಒಳಗೆ ಉಳಿದಿರುತ್ತವೆ. ಅವನ್ನೆಲ್ಲ ಹುಡುಕಿ ತುಂಬಿಸಿ, ಇಲ್ಲವೇ ಬೇಡವೆಂದು ತೀರ್ಮಾನಿಸಿ ಅಳಿಸಿ.

ಆಮೇಲೆ ಪ್ರತಿ ಅಧ್ಯಾಯ ಎಷ್ಟು ಪುಟ ಎಂದು ಬರೆದುಕೊಳ್ಳಿ. ಮೊದಲ ಅಧ್ಯಾಯಗಳು ಹದಿನೈದು ಪುಟ, ಕೊನೆಯ ನಾಲ್ಕು ತಲಾ ಐದು ಪುಟ ಇದ್ದರೆ ನೀವು ದಣಿದು ಮುಗಿಸಿದ್ದೀರಿ ಎಂದೇ ಅರ್ಥ. ಅದರಲ್ಲೂ ಮುಖ್ಯ ಘಟನೆ "ಹೀಗೆ ಎರಡು ವರ್ಷ ಕಳೆಯಿತು" ಎಂಬಂಥ ಸಾಲಿನ ಹಿಂದೆ ಅಡಗಿದೆಯೇ ನೋಡಿ. ಸೀತಮ್ಮನ ಗಂಡ ಡಿಕ್ಲರೇಷನ್, ಅಂದರೆ ಗೇಣಿ ಜಮೀನು ತನ್ನ ಹೆಸರಿಗಾಗಲಿ ಎಂಬ ಅರ್ಜಿ, ಕೊಡಲು ಹೋಗಿ ಜಮೀನಿನ ಒಡೆಯರ ಎದುರು ನಿಲ್ಲುವ ದೃಶ್ಯಕ್ಕಾಗಿಯೇ ಓದುಗರು ಇನ್ನೂರು ಪುಟ ಕಾದಿರುತ್ತಾರೆ. ಅದನ್ನು ಮೂರು ಸಾಲಿನಲ್ಲಿ ವರದಿ ಮಾಡಿ ಮುಗಿಸಿದ್ದರೆ ಕರಡು ಇನ್ನೂ ಪೂರ್ತಿಯಾಗಿಲ್ಲ, ಹೋಗಿ ಬರೆಯಿರಿ.

## ಹಂತ 2: ಪಕ್ಕಕ್ಕಿಡಿ

ಕನಿಷ್ಠ ಆರು ವಾರ. ಕಡಿಮೆಯಾದರೆ ನೀವು ಬರೆದದ್ದನ್ನು ಓದುವುದಿಲ್ಲ, ನೆನಪಿನಲ್ಲಿರುವುದನ್ನು ಓದುತ್ತೀರಿ. ಈ ಅವಧಿಯಲ್ಲಿ ಬೇರೆ ಏನಾದರೂ ಬರೆಯಿರಿ, ಈ ಕಥೆಯ ಬಗ್ಗೆ ಯಾರ ಹತ್ತಿರವೂ ಮಾತಾಡಬೇಡಿ. ಬಾಯಲ್ಲಿ ಹೇಳಿ ಹೇಳಿ ಸುಧಾರಿಸಿದ ಕಥೆ ಕಾಗದದಲ್ಲೂ ಸುಧಾರಿಸಿದೆ ಎಂಬ ಭ್ರಮೆ ಬರುತ್ತದೆ.

ಸ್ಪರ್ಧೆಯ ಕೊನೆಯ ದಿನ ಹತ್ತಿರವಿದೆ ಎಂದು ಈ ಹಂತ ಹಾರಿಸುವವರು ಬಹಳ. ಸ್ಪರ್ಧೆ ಮುಂದಿನ ವರ್ಷವೂ ಬರುತ್ತದೆ.

## ಹಂತ 3: ತಿದ್ದದೆ ಓದಿ

ಸ್ಪೈರಲ್ ಪ್ರತಿ ತೆಗೆದುಕೊಂಡು ಎರಡು ಮೂರು ದಿನದೊಳಗೆ ಇಡೀ ಕಾದಂಬರಿ ಓದಿ ಮುಗಿಸಿ. ಕೈಯಲ್ಲಿ ಪೆನ್ಸಿಲ್ ಮಾತ್ರ ಇರಲಿ. ಪಕ್ಕದ ಖಾಲಿ ಜಾಗದಲ್ಲಿ ಮೂರೇ ಮೂರು ಗುರುತು: ಬೇಸರವಾದಲ್ಲಿ "ಬೇ", ಗೊಂದಲವಾದಲ್ಲಿ "ಗೊ", ನಂಬಿಕೆ ಬಾರದಲ್ಲಿ "ನಂ". ಕಾಗುಣಿತ ತಪ್ಪು ಕಂಡರೂ ಮುಟ್ಟಬೇಡಿ. ಇದು ಕಷ್ಟ, ಕೈ ತಡೆಯುವುದಿಲ್ಲ. ಆದರೆ ಒಂದು ಪುಟದಲ್ಲಿ ನಾಲ್ಕು ತಪ್ಪು ತಿದ್ದುತ್ತಾ ಕೂತರೆ ಆ ಪುಟವೇ ಬೇಡವಾಗಿತ್ತು ಎಂಬುದು ಹೊಳೆಯುವುದಿಲ್ಲ.

ಓದಿ ಮುಗಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಎರಡು ವಿಷಯ ಬರೆಯಿರಿ. ಕಥೆ ಯಾವ ಪುಟದಲ್ಲಿ ನಿಜವಾಗಿ ಶುರುವಾಯಿತು? ಯಾವ ಪುಟದಲ್ಲಿ ನಿಜವಾಗಿ ಮುಗಿಯಿತು? ಎಷ್ಟೋ ಹಸ್ತಪ್ರತಿಗಳಲ್ಲಿ ಮೊದಲಿನ ಹತ್ತಿಪ್ಪತ್ತು ಪುಟ ಊರಿನ ವರ್ಣನೆ, ವಂಶದ ಪರಿಚಯ. ಕೊನೆಯ ಕೆಲವು ಪುಟ ಎಲ್ಲ ಪಾತ್ರಗಳಿಗೂ ಒಂದೊಂದು ಗತಿ ಕಾಣಿಸುವ ಲೆಕ್ಕ ಚುಕ್ತಾ. ಎರಡೂ ಕಡೆ ಕತ್ತರಿ ಬೀಳಬೇಕಾಗಬಹುದು.

## ಹಂತ 4: ಅಧ್ಯಾಯಗಳ ಪಟ್ಟಿ ಮಾಡಿ ಕಥೆಯ ಕಟ್ಟು ನೋಡಿ

ನೋಟ್‌ಬುಕ್ಕಿನಲ್ಲೋ ಎಕ್ಸೆಲ್ ಹಾಳೆಯಲ್ಲೋ ಪ್ರತಿ ಅಧ್ಯಾಯಕ್ಕೆ ಒಂದು ಸಾಲು. ನಾಲ್ಕು ಕಾಲಂ: ಯಾರ ಕಣ್ಣಿನಿಂದ ಕಾಣುತ್ತಿದ್ದೇವೆ, ಯಾವ ತಿಂಗಳು ಯಾವ ವರ್ಷ, ಈ ಅಧ್ಯಾಯದ ಕೊನೆಗೆ ಏನು ಬದಲಾಯಿತು, ಓದುಗರಿಗೆ ಹೊಸದಾಗಿ ಏನು ತಿಳಿಯಿತು.

ಮೂರನೇ ಕಾಲಂ ಖಾಲಿ ಉಳಿದ ಅಧ್ಯಾಯಗಳೇ ನಿಮ್ಮ ಕೆಲಸ. "ಸೀತಮ್ಮನ ದುಃಖ ಇನ್ನೂ ಹೆಚ್ಚಾಯಿತು" ಎಂದು ಬರೆದರೆ ಅದು ಬದಲಾವಣೆಯಲ್ಲ. "ಮಗ ಪೇಟೆಗೆ ಹೋದ ವಿಷಯ ಗಂಡನಿಗೆ ಗೊತ್ತಾಗದಂತೆ ಮುಚ್ಚಿಟ್ಟಳು" ಎಂದರೆ ಬದಲಾವಣೆ. ಖಾಲಿ ಕಾಲಮ್ಮಿನ ಅಧ್ಯಾಯವನ್ನು ಬೇರೆ ಕಡತಕ್ಕೆ ಎತ್ತಿಟ್ಟು, ಹಿಂದಿನದನ್ನೂ ಮುಂದಿನದನ್ನೂ ಒಟ್ಟಿಗೆ ಓದಿ. ಏನೂ ಕಳೆದುಹೋದಂತೆ ಅನಿಸದಿದ್ದರೆ ಅದು ಹೋಗಲಿ. ಅದರೊಳಗಿನ ಒಂದು ಒಳ್ಳೆಯ ಮಾತು, ಒಂದು ಚಿತ್ರ ಬೇಕೆನಿಸಿದರೆ ಅಷ್ಟನ್ನೇ ಪಕ್ಕದ ಅಧ್ಯಾಯಕ್ಕೆ ಸಾಗಿಸಿ.

ವಾರಪತ್ರಿಕೆಗೋ ಪ್ರತಿಲಿಪಿಯಂಥ ಆ್ಯಪಿಗೋ ಧಾರಾವಾಹಿಯಾಗಿ ಬರೆದದ್ದನ್ನು ಪುಸ್ತಕ ಮಾಡುವವರಿಗೆ ಇಲ್ಲಿ ಹೆಚ್ಚಿನ ಕೆಲಸವಿದೆ. ಪ್ರತಿ ಕಂತಿನ ಆರಂಭದಲ್ಲಿ ಹಿಂದಿನ ಕಂತನ್ನು ನೆನಪಿಸುವ ಪ್ಯಾರಾ, ಕೊನೆಯಲ್ಲಿ ಬಾಗಿಲು ತಟ್ಟುವ ಸದ್ದು. ವಾರಕ್ಕೊಮ್ಮೆ ಓದುವವರಿಗೆ ಅದು ಬೇಕಿತ್ತು. ಒಂದೇ ಪಟ್ಟಿಗೆ ಓದುವವರಿಗೆ ಮೂರನೇ ಬಾಗಿಲು ತಟ್ಟುವಷ್ಟರಲ್ಲಿ ಕಿರಿಕಿರಿ.

ಪುಟದ ಲೆಕ್ಕಕ್ಕಾಗಿ ಕಥೆಯನ್ನು ಎಳೆಯಬೇಡಿ, ಮೊಟಕು ಮಾಡಲೂ ಬೇಡಿ. ಡೆಮಿ 1/8 ಎಂಬ ಸಾಮಾನ್ಯ ಪುಸ್ತಕದ ಆಕಾರದ ಪುಟಕ್ಕೆ ಅಕ್ಷರದ ಗಾತ್ರ ನೋಡಿಕೊಂಡು ಸುಮಾರು 200ರಿಂದ 250 ಪದ ಹಿಡಿಯುತ್ತದೆ, 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು. ಆ ಹೊಂದಾಣಿಕೆ ಪ್ರಕಾಶಕರ ಮತ್ತು ಪುಟ ಕಟ್ಟುವವರ ಕೆಲಸ.

## ಹಂತ 5: ಕಾಲ, ಋತು, ವಾವೆ ತಾಳೆ ನೋಡಿ

ಈ ಹಂತವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ, ಓದುಗರು ಮಾತ್ರ ಬಿಡುವುದಿಲ್ಲ. ಮೂರು ಬೇರೆ ಬೇರೆ ಓದು ಬೇಕು. ಒಂದೇ ಓದಿನಲ್ಲಿ ಎಲ್ಲ ಹಿಡಿಯುತ್ತೇನೆ ಎಂದರೆ ಆಗದು.

ಇಸವಿ. ಪಟ್ಟಿಯ ಎರಡನೇ ಕಾಲಂ ತೆಗೆದು, ಪ್ರತಿ ಪಾತ್ರದ ವಯಸ್ಸನ್ನು ಅದರ ಪಕ್ಕ ಬರೆಯಿರಿ. ಆಮೇಲೆ ಹೊರಲೋಕದ ಸಂಗತಿಗಳನ್ನು ತಾಳೆ ಹಾಕಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. 1968ರಲ್ಲಿ ನಡೆಯುವ ಅಧ್ಯಾಯದಲ್ಲಿ ಮೇಷ್ಟರು ಶಾಲೆಯ ಗೋಡೆಗೆ "ಕರ್ನಾಟಕ ರಾಜ್ಯ"ದ ನಕ್ಷೆ ತೂಗುಹಾಕುವಂತಿಲ್ಲ, ಆಗ ಅದು ಮೈಸೂರು ರಾಜ್ಯ. ಗೇಣಿದಾರರ ಪಾಲಿಗೆ ಎಲ್ಲವನ್ನೂ ಬದಲಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ಕ್ಕೆ. ಸೀತಮ್ಮನ ಗಂಡ 1972ರಲ್ಲಿ ಡಿಕ್ಲರೇಷನ್ ಕೊಟ್ಟರೆ ಮಲೆನಾಡಿನ ಹಿರಿಯ ಓದುಗರೊಬ್ಬರು ಅಲ್ಲೇ ಪುಸ್ತಕ ಮಡಚುತ್ತಾರೆ. ತುರ್ತು ಪರಿಸ್ಥಿತಿ 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ. ಉಡುಪಿ, ದಾವಣಗೆರೆ, ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ. 1985ರ ಕಥೆಯಲ್ಲಿ "ಉಡುಪಿ ಜಿಲ್ಲಾಧಿಕಾರಿ" ಇರಲಾರರು. ಮೆಟ್ರೊ ಬೆಂಗಳೂರಿನಲ್ಲಿ ಓಡಿದ್ದು 2011ರ ಅಕ್ಟೋಬರ್‌ನಿಂದ. ಸಾವಿರದ ನೋಟು 2016ರ ನವೆಂಬರ್ 8ರ ಆಮೇಲೆ ನಡೆಯುವುದಿಲ್ಲ.

ತಿಥಿ ಮತ್ತು ಋತು. ನರಕ ಚತುರ್ದಶಿಯ ರಾತ್ರಿ ಅಂಗಳದಲ್ಲಿ ಹಾಲು ಚೆಲ್ಲಿದಂಥ ಬೆಳದಿಂಗಳು! ಇದು ನಾನು ಕಂಡ ತಪ್ಪುಗಳಲ್ಲೇ ಅತಿ ಸಾಮಾನ್ಯವಾದದ್ದು. ದೀಪಾವಳಿ ಬರುವುದೇ ಅಮಾವಾಸ್ಯೆಯ ಆಸುಪಾಸಿನಲ್ಲಿ, ಶಿವರಾತ್ರಿಯೂ ಕೃಷ್ಣಪಕ್ಷದ ಚತುರ್ದಶಿ. ಗಣೇಶನ ಹಬ್ಬದ ದಿನ ತೆಳು ಚಂದ್ರ ಬೇಗನೆ ಮುಳುಗುತ್ತಾನೆ, ಅಲ್ಲದೆ ಚೌತಿಯ ಚಂದ್ರನನ್ನು ನೋಡಬಾರದೆಂಬ ನಂಬಿಕೆಯೂ ಇದೆ. ನಾಯಕ ನಾಯಕಿ ಆ ರಾತ್ರಿ ಚಂದ್ರನನ್ನು ನೋಡುತ್ತಾ ಕೂತಿದ್ದರೆ ಮನೆಯ ಅಜ್ಜಿ ಏನಾದರೂ ಅನ್ನಲೇಬೇಕು. ಹಬ್ಬ ಬಂದಲ್ಲೆಲ್ಲ ಚಂದ್ರ ಎಲ್ಲಿದ್ದ, ಮಳೆ ಇತ್ತೇ, ಗದ್ದೆಯಲ್ಲಿ ನಟ್ಟಿಯೋ ಕೊಯ್ಲೋ ಎಂದು ನೋಡಿ. ನಾಗರಪಂಚಮಿಗೆ ಮಲೆನಾಡಿನಲ್ಲಿ ಧೂಳೇಳುವುದಿಲ್ಲ. ಅಡಿಕೆ ಸುಲಿಯುವ ರಾತ್ರಿಗಳು ಮೇ ತಿಂಗಳಲ್ಲಿ ಬರುವುದಿಲ್ಲ. ಬಸುರಿಯ ತಿಂಗಳುಗಳನ್ನು ಬೆರಳು ಮಡಚಿ ಎಣಿಸಿ. ಕಾದಂಬರಿಗಳಲ್ಲಿ ಹದಿನಾಲ್ಕು ತಿಂಗಳ ಬಸುರಿಯರು ಇದ್ದಾರೆ.

ವಾವೆ, ಅಂದರೆ ನೆಂಟಸ್ತಿಕೆ. ಮನೆತನದ ಕಥೆಯಾದರೆ ವಂಶವೃಕ್ಷ ಬರೆದು ಗೋಡೆಗೆ ಅಂಟಿಸಿ. ಎರಡನೇ ಅಧ್ಯಾಯದಲ್ಲಿ ಚಿಕ್ಕಪ್ಪ ಆಗಿದ್ದವನು ಹದಿನೆಂಟನೆಯದರಲ್ಲಿ ಅಪ್ಪನಿಗಿಂತ ಮೂರು ವರ್ಷಕ್ಕೆ ದೊಡ್ಡವನಾಗಿರುತ್ತಾನೆ. ಗಂಡನ ತಮ್ಮನನ್ನು ಮೈದುನ ಎಂದವಳು ಮುಂದೆ ಅವನನ್ನೇ ಭಾವ ಎಂದು ಕರೆಯುತ್ತಾಳೆ. ಇದು ಬರೀ ಹೆಸರಿನ ತಪ್ಪಲ್ಲ. ಸೋದರಮಾವನ ಮಗಳು ಮದುವೆಯಾಗಬಹುದಾದ ಹೆಣ್ಣು, ಚಿಕ್ಕಪ್ಪನ ಮಗಳು ತಂಗಿ. ವಾವೆ ತಪ್ಪಿದರೆ ಕಥೆಯ ಅರ್ಥವೇ ಬೇರೆಯಾಗುತ್ತದೆ. ಹೆಸರುಗಳನ್ನೂ ಇದೇ ಓದಿನಲ್ಲಿ ನೋಡಿ. ರಾಮಯ್ಯ, ರಾಮಪ್ಪ, ರಾಮಣ್ಣ ಮೂವರೂ ಒಂದೇ ಜಗಲಿಯಲ್ಲಿ ಕೂತಿದ್ದರೆ ಇಬ್ಬರ ಹೆಸರು ಬದಲಿಸಿ.

ಇಲ್ಲಿ ಸಿಕ್ಕ ತಪ್ಪು ಒಂದು ದೃಶ್ಯವನ್ನೇ ಕೆಡವುತ್ತದೆ ಎಂದಾದರೆ ಹಿಂಜರಿಯದೆ 4ನೇ ಹಂತಕ್ಕೆ ಮರಳಿ. ಬೆಳದಿಂಗಳು ಹೋದರೆ ಕಳ್ಳನ ಮುಖ ಕಾಣುವುದು ಹೇಗೆ ಎಂಬುದನ್ನು ಈಗ ಯೋಚಿಸಬೇಕು, ಅಚ್ಚಿಗೆ ಮೊದಲು ತಿದ್ದಲು ಕೊಡುವ ಪ್ರೂಫ್ ಬಂದಾಗ ಅಲ್ಲ.

## ಹಂತ 6: ಮಾತುಗಳನ್ನು ಬಾಯಿಬಿಟ್ಟು ಓದಿ

ಕನ್ನಡದಲ್ಲಿ ಒಂದು ಸಂಭಾಷಣೆ ಎಷ್ಟು ಕಡೆ ಜಾರಬಹುದೆಂದರೆ, ಒಬ್ಬಳೇ ಪಾತ್ರ ಒಂದು ಪುಟದಲ್ಲಿ "ಬರ್ತೀನಿ" ಎಂದು, ಮುಂದಿನ ಪುಟದಲ್ಲಿ "ಬರ್ತೇನೆ" ಎಂದು, ಸಿಟ್ಟು ಬಂದಾಗ "ಬರುತ್ತೇನೆ" ಎಂದು ಮಾತಾಡುತ್ತಾಳೆ. ಸಿಟ್ಟು ಬಂದಾಗ ಜನ ಇನ್ನಷ್ಟು ತಮ್ಮ ಊರಿನವರಾಗುತ್ತಾರೆ, ಪಠ್ಯಪುಸ್ತಕದವರಾಗುವುದಿಲ್ಲ.

ಒಂದೊಂದು ಪಾತ್ರವನ್ನು ಹಿಡಿದು ಆ ಪಾತ್ರದ ಮಾತುಗಳನ್ನಷ್ಟೇ ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದಿ. ಕೇಳಿಸಿಕೊಳ್ಳಬೇಕಾದದ್ದು ಇಷ್ಟು: ಕ್ರಿಯಾಪದದ ಕೊನೆ ಒಂದೇ ತರ ಇದೆಯೇ, ಯಾರಿಗೆ "ನೀನು" ಯಾರಿಗೆ "ನೀವು" ಎನ್ನುತ್ತಾಳೆ, ಅದು ಬದಲಾದ ಕಡೆ ಕಾರಣ ಇದೆಯೇ. ಇಪ್ಪತ್ತು ವರ್ಷ "ಒಡೇರೆ" ಎಂದವನು ಒಂದು ದಿನ "ನೀನು" ಎಂದರೆ ಅದು ಘಟನೆ. ಕಾರಣವಿಲ್ಲದೆ ಬಂದರೆ ಅಜಾಗರೂಕತೆ.

ನಿಮಗೆ ಗೊತ್ತಿಲ್ಲದ ಕಡೆಯ ಆಡುನುಡಿ ಬಳಸಿದ್ದರೆ ಆ ಊರಿನವರೊಬ್ಬರಿಂದ ಓದಿಸಿ. ಮಾತಿಗೆಲ್ಲ "ರೀ" ಸೇರಿಸಿದ ಮಾತ್ರಕ್ಕೆ ಧಾರವಾಡದ ಮಾತಾಗದು. ಕಲಬುರ್ಗಿ, ವಿಜಯಪುರ, ಧಾರವಾಡ ಮೂರೂ ಒಂದೇ "ಉತ್ತರ ಕರ್ನಾಟಕದ ಭಾಷೆ" ಎಂದು ಬರೆದವರನ್ನು ಅಲ್ಲಿನ ಓದುಗರು ಎರಡನೇ ಪುಟಕ್ಕೇ ಪತ್ತೆ ಹಚ್ಚುತ್ತಾರೆ.

ಗಂಟಲು ಸೋತರೆ ಫೋನಿನಲ್ಲಿ ಕನ್ನಡ ಪಠ್ಯ ಓದಿ ಹೇಳುವ ಸೌಲಭ್ಯ ಬಳಸಿ. ಯಂತ್ರ ಭಾವವಿಲ್ಲದೆ ಓದುತ್ತದೆ, ಅದೇ ಲಾಭ. ನಿಮ್ಮ ದನಿ ಮುಚ್ಚಿಹಾಕುವ ದೌರ್ಬಲ್ಯವನ್ನು ಅದು ಮುಚ್ಚುವುದಿಲ್ಲ.

## ಹಂತ 7: ವಾಕ್ಯ, ಪದ, ಕಾಗುಣಿತ

ಕೊನೆಗೂ ಕೆಂಪು ಪೆನ್ನು. ಮೊದಲು ಅಳಿಸುವ ಕೆಲಸ. ಕರಡಿನಲ್ಲಿ ಹೀಗೊಂದು ಸಾಲಿದೆ ಎಂದುಕೊಳ್ಳಿ:

"ಸೀತಮ್ಮ ಅತೀವ ದುಃಖದಿಂದ, ಮನಸ್ಸಿನಲ್ಲಿ ಹೇಳಲಾರದ ನೋವನ್ನು ಹೊತ್ತು, ಭಾರವಾದ ಹೆಜ್ಜೆಗಳನ್ನಿಡುತ್ತಾ ಕೊಟ್ಟಿಗೆಗೆ ಹೋಗಿ ಹಸುವಿನ ಬಳಿ ನಿಂತಳು."

ದುಃಖ, ನೋವು, ಭಾರ ಮೂರೂ ಒಂದೇ ಮಾತು. ತಿದ್ದಿದ ಮೇಲೆ:

"ಸೀತಮ್ಮ ಕೊಟ್ಟಿಗೆಗೆ ಹೋದಳು. ಹಾಲು ಕರೆಯುವ ಹೊತ್ತಾಗಿರಲಿಲ್ಲ, ಕೈಯಲ್ಲಿ ಚೆಂಬು ಇತ್ತು."

ದುಃಖ ಎಂಬ ಪದ ಹೋಯಿತು. ಹೊತ್ತಲ್ಲದ ಹೊತ್ತಿನಲ್ಲಿ ಚೆಂಬು ಹಿಡಿದು ಬಂದವಳ ಮನಸ್ಸು ಎಲ್ಲಿದೆ ಎಂದು ಓದುಗರಿಗೆ ಗೊತ್ತಾಗುತ್ತದೆ. ಹಾಗಂತ ಎಲ್ಲ ವಾಕ್ಯವನ್ನೂ ತುಂಡು ಮಾಡುತ್ತಾ ಹೋಗಬೇಡಿ. ಉದ್ದ ವಾಕ್ಯ ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ, ಅದರೊಳಗೆ ಕೆಲಸ ನಡೆಯುತ್ತಿದ್ದರೆ ಇರಲಿ.

ನಿಮ್ಮ ಚಟದ ಪದಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ಎಣಿಸಿ: "ಒಮ್ಮೆಲೇ", "ಅದೇಕೋ", "ಏನೋ ಒಂದು ರೀತಿಯ", "ನಿಟ್ಟುಸಿರು", "ಕಣ್ಣಾಲಿಗಳು", ಜೊತೆಗೆ ವಾಕ್ಯದ ಕೊನೆಗೆ ಸಾಲುಗಟ್ಟಿದ ಚುಕ್ಕಿಗಳು. ಮುನ್ನೂರು ಪುಟದಲ್ಲಿ ನಲವತ್ತು ನಿಟ್ಟುಸಿರು ಇದ್ದರೆ ನಾಲ್ಕು ಉಳಿಸಿಕೊಳ್ಳಿ.

ಅಲ್ಪಪ್ರಾಣ, ಮಹಾಪ್ರಾಣ ಮತ್ತು ಶ, ಷ, ಸಗಳನ್ನು ಬರೀ ಕಣ್ಣಿಗೆ ಒಪ್ಪಿಸಬೇಡಿ. ತಪ್ಪು ರೂಪವನ್ನೇ ಹುಡುಕಿ: ಜವಾಬ್ಧಾರಿ, ಉದ್ಧೇಶ, ವಿಧ್ಯಾರ್ಥಿ, ಧೃಡ, ಸಧ್ಯ, ಕೋಟ್ಯಾಂತರ, ಶುಭಾಷಯ, ಹಾರ್ಧಿಕ. ಸರಿಯಾದವು ಜವಾಬ್ದಾರಿ, ಉದ್ದೇಶ, ವಿದ್ಯಾರ್ಥಿ, ದೃಢ, ಸದ್ಯ, ಕೋಟ್ಯಂತರ, ಶುಭಾಶಯ, ಹಾರ್ದಿಕ. ಎರಡೂ ರೂಪ ಸರಿಯಿದ್ದಲ್ಲಿ ಒಂದನ್ನು ಆರಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿರೂಪಣೆಯಲ್ಲಿ ಕೂತನೋ ಕುಳಿತನೋ, ಹೋದನೋ ಹೋದನುವೋ, ಯಾವುದಾದರೂ ಒಂದೇ ಇರಲಿ. ಪಾತ್ರದ ಮಾತಿಗೆ ಈ ನಿಯಮ ಬೇಡ.

"ಎಲ್ಲವನ್ನೂ ಬದಲಾಯಿಸು" ಗುಂಡಿಯನ್ನು ಒತ್ತಬೇಡಿ. "ರಾಮ" ಎಂಬ ಹೆಸರನ್ನು "ಗಿರಿ" ಮಾಡಲು ಹೋದರೆ ಆರಾಮ ಎಂಬುದು "ಆಗಿರಿ" ಆಗಿ ಕೂರುತ್ತದೆ, ಗ್ರಾಮಗಳಿಗೂ ಏನಾದರೂ ಆದೀತು. ಒಂದೊಂದಾಗಿ ನೋಡಿ ಬದಲಿಸಿ.

## ಹಂತ 8: ಮೂವರು ಹೊರಗಿನ ಓದುಗರು

ಮನೆಯವರು ಬೇಡ. ಅವರು ನಿಮ್ಮನ್ನು ಓದುತ್ತಾರೆ, ಕಾದಂಬರಿಯನ್ನಲ್ಲ. ಸ್ವತಃ ಬರೆಯುವವರೊಬ್ಬರು, ಬರೆಯದೆ ಕಾದಂಬರಿ ಓದುವವರೊಬ್ಬರು, ನಿಮ್ಮ ಕಥೆಯ ಲೋಕ ಗೊತ್ತಿರುವವರೊಬ್ಬರು. ಸೀತಮ್ಮನ ಕಥೆಗೆ ಮೂರನೆಯವರು ಹಳೆಯ ಗೇಣಿದಾರ ಮನೆಯವರೋ ಭೂ ನ್ಯಾಯಮಂಡಳಿಯ ಕಾಗದಪತ್ರ ನೋಡಿದ ವಕೀಲರೋ ಆದರೆ ಸರಿ. ಮೂವರಿಗೂ ಒಂದೇ ಪ್ರತಿ, ಒಂದೇ ಸಮಯ.

ಕೊಡುವಾಗ ಬಾಯಿ ಮುಚ್ಚಿಕೊಂಡಿರಿ. "ಮೊದಲ ಮೂರು ಅಧ್ಯಾಯ ಸ್ವಲ್ಪ ತಾಳ್ಮೆಯಿಂದ ಓದಿ, ಆಮೇಲೆ ಚೆನ್ನಾಗಿದೆ" ಎಂದು ಹೇಳಬೇಕು ಅನಿಸಿದರೆ ಪ್ರತಿ ಕೊಡಬೇಡಿ. ಮನೆಗೆ ಹೋಗಿ ಆ ಮೂರು ಅಧ್ಯಾಯ ಸರಿಮಾಡಿ.

"ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ಹೀಗೆ ಕೇಳಿ: ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟಿರಿ? ಯಾವ ಹೆಸರು ನೆನಪಿಗೆ ಬರಲಿಲ್ಲ? ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಾದದ್ದು ಎಲ್ಲಿ? ಕಥೆಯನ್ನು ನನಗೆ ಐದು ವಾಕ್ಯದಲ್ಲಿ ಹೇಳಿ. ಅವರು ಹೇಳುವ ಐದು ವಾಕ್ಯದಲ್ಲಿ ನಿಮ್ಮ ಮುಖ್ಯ ಘಟನೆಯೇ ಇಲ್ಲದಿದ್ದರೆ ಅದು ಪುಟದ ಮೇಲೆ ಬಂದಿಲ್ಲ.

ಅವರು "ಸೀತಮ್ಮ ತವರಿಗೆ ಯಾಕೆ ಹೋಗಲಿಲ್ಲ?" ಎಂದು ಕೇಳಿದಾಗ ನೀವು "ಅದು ಯಾಕೆಂದರೆ, ಅವಳ ಅಣ್ಣ..." ಎಂದು ವಿವರಿಸಲು ತೊಡಗಿದರೆ ಅಲ್ಲೇ ನಿಲ್ಲಿಸಿ. ಬಾಯಲ್ಲಿ ಬಂದ ಆ ಉತ್ತರ ಹಸ್ತಪ್ರತಿಯಲ್ಲಿ ಇದೆಯೇ? ಇಲ್ಲದಿದ್ದರೆ ಬರೆಯಿರಿ. ಪುಸ್ತಕದ ಜೊತೆ ನೀವು ಅಂಗಡಿ ಅಂಗಡಿಗೆ ಹೋಗಿ ನಿಲ್ಲಲಾರಿರಿ.

ಒಬ್ಬರಷ್ಟೇ ಹೇಳಿದ್ದನ್ನು ಗುರುತು ಹಾಕಿಡಿ, ಇಬ್ಬರು ಒಂದೇ ಪುಟ ತೋರಿಸಿದರೆ ಅಲ್ಲಿ ತೊಂದರೆ ಇದ್ದೇ ಇದೆ. ಪರಿಹಾರವೇನು ಎಂಬ ಅವರ ಸಲಹೆಯನ್ನು ಮಾತ್ರ ಅಷ್ಟಾಗಿ ನಂಬಬೇಡಿ. ಎಲ್ಲಿ ನೋಯುತ್ತದೆ ಎಂದು ಓದುಗರು ಸರಿಯಾಗಿ ಹೇಳುತ್ತಾರೆ, ಮದ್ದು ನೀವೇ ಹುಡುಕಬೇಕು.

## ಹಂತ 9: ತಿದ್ದುಪಡಿಗಳ ಲೆಕ್ಕ

ಮುಗಿಯಿತೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. ಓದುಗರು ಹೇಳಿದ್ದನ್ನೆಲ್ಲ ತಿದ್ದಿದ ಮೇಲೆ ಎರಡು ಮೂರು ವಾರ ಬಿಟ್ಟು ಹೊಸ ಮುದ್ರಿತ ಪ್ರತಿ ತೆಗೆದು, ಮೊದಲಿಂದ ಕೊನೆವರೆಗೆ ಒಂದು ಸುತ್ತು ತಿದ್ದಿ. ಈ ಸಲ ಪ್ರತಿ ತಿದ್ದುಪಡಿಯನ್ನೂ ನೋಟ್‌ಬುಕ್ಕಿನ ಮೂರು ಕಾಲಮ್ಮಿನಲ್ಲಿ ಒಂದರಲ್ಲಿ ಗೀಟು ಹಾಕುತ್ತಾ ಹೋಗಿ:

1. ದೊಡ್ಡದು: ಘಟನೆ, ಪಾತ್ರ, ಅಧ್ಯಾಯದ ಕ್ರಮ ಬದಲಾದದ್ದು.
2. ನಡುವಿನದು: ದೃಶ್ಯದ ಒಳಗೆ, ಸಂಭಾಷಣೆಯಲ್ಲಿ, ಪ್ಯಾರಾದಲ್ಲಿ ಆದದ್ದು.
3. ಸಣ್ಣದು: ಪದ, ಅಲ್ಪವಿರಾಮ, ವಾಕ್ಯದ ಕ್ರಮ.

ದೊಡ್ಡ ಕಾಲಮ್ಮಿನಲ್ಲಿ ಒಂದೇ ಒಂದು ಗೀಟು ಬಿದ್ದರೂ ಕಾದಂಬರಿ ಮುಗಿದಿಲ್ಲ, 4ನೇ ಹಂತಕ್ಕೆ ವಾಪಸು. ಬೇಸರ ಮಾಡಿಕೊಳ್ಳಬೇಡಿ, ಎರಡನೇ ಸಲ ಎಲ್ಲ ಬೇಗ ಆಗುತ್ತದೆ. ನಡುವಿನವು ಮಾತ್ರ ಇದ್ದು ಅವು ಮೂರು ನಾಲ್ಕು ಅಧ್ಯಾಯಗಳಲ್ಲೇ ಗುಂಪುಗೂಡಿದ್ದರೆ ಆ ಅಧ್ಯಾಯಗಳನ್ನೂ ಅವುಗಳ ಅಕ್ಕಪಕ್ಕದವನ್ನೂ ಮತ್ತೆ ನೋಡಿ. ಉಳಿದದ್ದು ಮುಟ್ಟಬೇಡಿ.

ಸಣ್ಣ ಕಾಲಂ ಮಾತ್ರ ತುಂಬಿದ್ದರೆ ಹಿಂದಿನ ಸುತ್ತಿನ ಪ್ರತಿ ಪಕ್ಕಕ್ಕಿಟ್ಟು ಹೋಲಿಸಿ. ನೀವು ಈಗ ಬರೆದದ್ದು ಹಿಂದಿನ ಸಲ ಹೊಡೆದುಹಾಕಿದ ಪದವೇ ಆಗಿದೆಯೇ? "ಮೆಲ್ಲನೆ" ಇದ್ದದ್ದು "ನಿಧಾನವಾಗಿ" ಆಗಿ, ಮತ್ತೆ "ಮೆಲ್ಲನೆ" ಆಗಿದ್ದರೆ? ಇಂಥವು ಹತ್ತಾರು ಕಡೆ ಸಿಕ್ಕರೆ ಕೆಲಸ ಮುಗಿದಿದೆ, ಕೈ ಮಾತ್ರ ಇನ್ನೂ ಆಡುತ್ತಿದೆ.

ಸಂಶಯ ಉಳಿದರೆ ಇನ್ನೊಂದು ಪರೀಕ್ಷೆ. ಹಿಂದಿನ ಸುತ್ತಿನ ಐದು ಪುಟ, ಈಗಿನ ಅದೇ ಐದು ಪುಟ, ಯಾವುದು ಯಾವುದೆಂಬ ಗುರುತಿಲ್ಲದಂತೆ ಬೇರೊಬ್ಬರಿಂದ ಕಲಸಿ ಇಡಿಸಿ. ಒಂದು ವಾರ ಬಿಟ್ಟು ಯಾವುದು ಚೆನ್ನಾಗಿದೆ ಎಂದು ಆರಿಸಿ. ಹೊಸದನ್ನೇ ಆರಿಸಿದರೆ ಈ ಸುತ್ತು ಸಾರ್ಥಕ. ಅರ್ಧಕ್ಕರ್ಧ ಹಳೆಯದನ್ನೇ ಆರಿಸಿದ್ದರೆ ಇನ್ನು ಮುಂದಿನ ತಿದ್ದುಪಡಿ ಪುಸ್ತಕವನ್ನು ಬದಲಿಸುತ್ತದೆ, ಸುಧಾರಿಸುವುದಿಲ್ಲ.

"ಲೆಕ್ಕ ಸರಿಯಿದೆ, ಆದರೂ ಏನೋ ಸರಿಯಿಲ್ಲ ಅನಿಸುತ್ತದೆ" ಎನ್ನುವವರಿಗೆ: ಆ ಏನೋ ಎಂಬುದನ್ನು ಪುಟಸಂಖ್ಯೆ ಸಹಿತ ಒಂದು ವಾಕ್ಯದಲ್ಲಿ ಬರೆಯಿರಿ. "140ನೇ ಪುಟದಲ್ಲಿ ಮಗ ಊರು ಬಿಡಲು ಕೊಟ್ಟ ಕಾರಣ ಸಾಲದು" ಎಂದು ಬರೆಯಲಾದರೆ ಅದು ನಿಜವಾದ ದೋಷ, ತಿದ್ದಿ. ವಾರವಿಡೀ ಪ್ರಯತ್ನಿಸಿದರೂ ಪುಟಸಂಖ್ಯೆ ಸಿಗದಿದ್ದರೆ ಅದು ಜನ ಏನೆನ್ನುತ್ತಾರೋ ಎಂಬ ಭಯ. ಅದಕ್ಕೆ ತಿದ್ದುಪಡಿಯಲ್ಲಿ ಮದ್ದಿಲ್ಲ.

ಇನ್ನೊಂದು ಲಕ್ಷಣ ಗಮನಿಸಿ. ತಿದ್ದುವಾಗ ಹೊಳೆಯುವ ಹೊಸ ದೃಶ್ಯಗಳು ಈ ಕಥೆಯಲ್ಲಿ ಕೂರುತ್ತಿಲ್ಲ, ಹೊಸ ಪಾತ್ರವೊಂದು ಬಂದು ಬೇರೆಯೇ ಊರಿನ ಮಾತಾಡುತ್ತಿದೆ. ಅದು ಮುಂದಿನ ಕಾದಂಬರಿ. ಇದರೊಳಗೆ ತುರುಕಬೇಡಿ, ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಸಾಗಿಸಿ.

## ಹಂತ 10: ಪ್ರತಿಯನ್ನು ಕಟ್ಟಿ ಕಳಿಸುವುದು

ಕೊನೆಯ ಕಡತಕ್ಕೆ ತಾರೀಖು ಹಾಕಿ ಒಂದು ಪಿಡಿಎಫ್ ಮಾಡಿ, ನಿಮಗೆ ನೀವೇ ಇಮೇಲ್ ಕಳಿಸಿಕೊಳ್ಳಿ. ಪ್ರಕಾಶಕರಿಗೆ ಯೂನಿಕೋಡ್ ಕಡತವನ್ನೂ ಈ ಪಿಡಿಎಫ್ ಅನ್ನೂ ಒಟ್ಟಿಗೆ ಕೊಡಿ. ಪುಟ ಕಟ್ಟುವವರು ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸದ ತಂತ್ರಾಂಶ ಬಳಸುವವರಾದರೆ ಅವರು ಮತ್ತೆ ಆಸ್ಕಿಗೆ ಬದಲಾಯಿಸುತ್ತಾರೆ. ಆಗ ಒತ್ತಕ್ಷರ ಮುರಿದರೆ ಮೂಲ ಹೇಗಿತ್ತು ಎಂದು ತೋರಿಸಲು ಪಿಡಿಎಫ್ ಬೇಕು.

ಕಳಿಸಿದ ಮರುದಿನ ಕಡತ ತೆರೆಯಬೇಡಿ. ತೆರೆದರೆ ಮೊದಲ ಪುಟದಲ್ಲೇ ಒಂದು ತಪ್ಪು ಕಾಣುತ್ತದೆ, ಎಲ್ಲರಿಗೂ ಕಾಣುತ್ತದೆ. "ಹೊಸ ಪ್ರತಿ ಕಳಿಸಿದ್ದೇನೆ, ಹಳೆಯದು ಬಿಡಿ" ಎಂದು ವಾರಕ್ಕೊಂದು ಸಂದೇಶ ಕಳಿಸುವ ಲೇಖಕರ ಹಸ್ತಪ್ರತಿಯನ್ನು ಪ್ರಕಾಶಕರು ಪಕ್ಕಕ್ಕಿಟ್ಟು ಕಾಯುತ್ತಾರೆ.

ಪ್ರೂಫ್ ಬಂದಾಗ ಮೂರನ್ನು ಮಾತ್ರ ತಿದ್ದಿ: ಅಕ್ಷರದ ತಪ್ಪು, ಬಿಟ್ಟುಹೋದ ಅಥವಾ ಎರಡು ಸಲ ಬಂದ ಸಾಲು, ಇಸವಿ ಮತ್ತು ಹೆಸರಿನ ತಪ್ಪು. ಹೊಸ ಪ್ಯಾರಾ ಸೇರಿಸಿದರೆ ಮುಂದಿನ ಪುಟಗಳೆಲ್ಲ ಸರಿಯುತ್ತವೆ, ಸರಿದ ಕಡೆಯಲ್ಲೆಲ್ಲ ಹೊಸ ತಪ್ಪು ನುಸುಳಲು ಜಾಗವಾಗುತ್ತದೆ. ಒಂದು ಪದ ಬದಲಿಸಲೇಬೇಕಾದರೆ ಅಷ್ಟೇ ಉದ್ದದ ಪದ ಹುಡುಕಿ. ತಿದ್ದಿದ ಪ್ರೂಫ್ ವಾಪಸು ಕೊಡುವ ಮುನ್ನ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಎರಡನೇ ಪ್ರೂಫ್ ಬಂದಾಗ ತಿದ್ದುಪಡಿಗಳೆಲ್ಲ ಸೇರಿವೆಯೇ ಎಂದು ಒಂದೊಂದಾಗಿ ತಾಳೆ ನೋಡಿ ಸಹಿ ಹಾಕಿ ಕೊಡಿ.